ಪೆನ್ಸಿಲ್ ಹಿಡಿಸುವ ಮುನ್ನ: ಮಗುವಿನ ಮೈಕೈ ಪಳಗಿಸುವ ಬಗೆ

ಎಲ್‌ಕೆಜಿಗೆ ಸೇರಿದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಅಕ್ಷರಗಳನ್ನು ಗೆರೆಯ ಮೇಲೆ ಕೂರಿಸುವುದಿಲ್ಲ, ಎರಡು ಸಾಲು ಮುಗಿಯುವಷ್ಟರಲ್ಲಿ ಕೈ ನೋವೆಂದು ಮೇಜಿನ ಮೇಲೆ ಒರಗಿಬಿಡುತ್ತದೆ ಎಂದು ಚಿಂತಿಸುವ ತಂದೆತಾಯಂದಿರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ಇನ್ನೊಂದು ಕಾಪಿ ಪುಸ್ತಕ ಕೊಂಡು ತರುವುದು. ಆದರೆ ತೊಂದರೆಯ ಬೇರು ಬಹುಮಟ್ಟಿಗೆ ಬೆರಳುಗಳಲ್ಲಿ ಇರುವುದೇ ಇಲ್ಲ. ಅದು ಭುಜದಲ್ಲಿ, ಬೆನ್ನಿನಲ್ಲಿ, ಸೊಂಟದಲ್ಲಿ ಇರುತ್ತದೆ. ಓಡುವ ಬಸ್ಸಿನಲ್ಲಿ ನಿಂತುಕೊಂಡು ಸಹಿ ಹಾಕಲು ಪ್ರಯತ್ನಿಸಿದವರಿಗೆ ಇದರ ಅನುಭವವಿದೆ: ಮೈ ಅಲುಗಾಡುತ್ತಿರುವಾಗ ಬೆರಳು ಎಷ್ಟೇ ಪಳಗಿದ್ದರೂ ಗೆರೆ ನೆಟ್ಟಗೆ ಬರುವುದಿಲ್ಲ.

ಮಗುವಿನ ದೇಹದ ಹತೋಟಿ ಬೆಳೆಯುವುದಕ್ಕೆ ಒಂದು ದಿಕ್ಕಿದೆ. ಅದು ತಲೆಯಿಂದ ಕಾಲಿನ ಕಡೆಗೆ ಇಳಿಯುತ್ತದೆ, ಮೈಯ ನಡುಭಾಗದಿಂದ ಕೈಬೆರಳಿನ ತುದಿಯ ಕಡೆಗೆ ಹರಡುತ್ತದೆ. ಕುತ್ತಿಗೆ ನಿಂತ ಮೇಲೆ ಬೆನ್ನು, ಬೆನ್ನು ನಿಂತ ಮೇಲೆ ಭುಜ, ಆಮೇಲೆ ಮೊಣಕೈ, ಮಣಿಕಟ್ಟು, ಎಲ್ಲಕ್ಕಿಂತ ಕೊನೆಗೆ ಬೆರಳು. ಮೂಳೆಯ ಬೆಳವಣಿಗೆಯೂ ಅವಸರದ್ದಲ್ಲ. ದೊಡ್ಡವರ ಮಣಿಕಟ್ಟಿನಲ್ಲಿರುವ 8 ಸಣ್ಣ ಮೂಳೆಗಳು ಹುಟ್ಟಿದಾಗ ಸಾಮಾನ್ಯವಾಗಿ ಮೃದ್ವಸ್ಥಿಯ ರೂಪದಲ್ಲೇ ಇರುತ್ತವೆ. ಮೊದಲ ಕೆಲವು ತಿಂಗಳಲ್ಲಿ ಎರಡು ಗಟ್ಟಿಯಾಗತೊಡಗಿ, ಉಳಿದವು ವರ್ಷಗಳ ಅಂತರದಲ್ಲಿ ಒಂದೊಂದಾಗಿ ಆ ಹಾದಿ ಹಿಡಿಯುತ್ತವೆ. ಮೂರು ವರ್ಷದ ಮಗುವಿನ ಕೈಗೆ ನಾಲ್ಕು ಗೆರೆಯ ಪುಸ್ತಕ ಕೊಡುವವರು ಇದನ್ನು ನೆನಪಿಡಬೇಕು.

ಚಲನೆಗೂ ಕಲಿಕೆಗೂ ಏನು ಸಂಬಂಧ

1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ಅಮೆರಿಕದ ವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗವನ್ನು ಇಂದಿಗೂ ಉದಾಹರಿಸುತ್ತಾರೆ. ಒಂದು ಮರಿ ತಾನೇ ನಡೆದು ತಿರುಗಣಿಯನ್ನು ಎಳೆಯುತ್ತಿತ್ತು. ಇನ್ನೊಂದು ಅದೇ ತಿರುಗಣಿಗೆ ಕಟ್ಟಿದ ತೊಟ್ಟಿಲಲ್ಲಿ ಕುಳಿತು, ಅದೇ ನೋಟವನ್ನು ನಡೆಯದೆಯೇ ನೋಡುತ್ತಿತ್ತು. ಎರಡೂ ಕಂಡದ್ದು ಒಂದೇ ಆದರೂ, ಆಳ ಮತ್ತು ದೂರವನ್ನು ಅಳೆದು ಹೆಜ್ಜೆಯಿಡಲು ಕಲಿತದ್ದು ನಡೆದ ಮರಿ ಮಾತ್ರ. ಗಾಡಿಯಲ್ಲಿ ಕೂರಿಸಿ ಊರೆಲ್ಲ ಸುತ್ತಿಸಿದ ಮಗುವಿಗೂ, ಅಂಗಳದಲ್ಲಿ ತಾನೇ ಬಿದ್ದು ಎದ್ದು ಓಡಾಡಿದ ಮಗುವಿಗೂ ಇರುವ ವ್ಯತ್ಯಾಸವನ್ನು ಇದರಿಂದ ಊಹಿಸಬಹುದು. ಬೀಳುವುದೂ ಈ ಕಲಿಕೆಯ ಭಾಗವೇ. ಮನೋವಿಜ್ಞಾನಿ ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 12ರಿಂದ 19 ತಿಂಗಳ ಮಕ್ಕಳು ಆಟವಾಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕಿ, 17 ಸಲ ಬೀಳುತ್ತಾರೆ. ಪ್ರತಿ ಸಲವೂ ಓಡಿಹೋಗಿ ಎತ್ತಿಕೊಂಡರೆ ಮಗು ಎದ್ದು ನಿಲ್ಲುವ ಅಭ್ಯಾಸವನ್ನು ನಾವೇ ಕಸಿದುಕೊಂಡಂತಾಗುತ್ತದೆ.

ಅಕ್ಷರದ ವಿಷಯದಲ್ಲಿ ಸಂಬಂಧ ಇನ್ನಷ್ಟು ನೇರವಾದುದು. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ, 2012ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕೀಲಿಮಣೆ ಒತ್ತಿ ಅಥವಾ ಚುಕ್ಕಿಗಳ ಮೇಲೆ ತಿದ್ದಿ ಕಲಿತ ಅಕ್ಷರಕ್ಕಿಂತ ಸ್ವಂತ ಕೈಯಿಂದ ಬರೆದು ಕಲಿತ ಅಕ್ಷರವನ್ನು ಕಂಡಾಗ ಮಿದುಳಿನ ಓದಿಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾದುದು ಕಂಡುಬಂದಿತು. ಕನ್ನಡದಲ್ಲಿ ದ-ಧ, ಬ-ಭಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಕಣ್ಣು ತಪ್ಪಿಸಿಕೊಳ್ಳುವ ಇಂಥ ಕಡೆ ಕೈಯ ನೆನಪು ನೆರವಿಗೆ ಬರುತ್ತದೆ. ಹಾಗೆಂದು ಮಗುವನ್ನು ಓಡಿಸಿದರೆ ಗಣಿತ ತಾನಾಗಿ ಬಂದುಬಿಡುತ್ತದೆ ಎಂದೋ, ಅಂಬೆಗಾಲಿಡದ ಮಗುವಿಗೆ ಮುಂದೆ ಓದು ಕಷ್ಟವೆಂದೋ ಹೇಳಿ ದುಬಾರಿ ತರಗತಿ ನಡೆಸುವವರನ್ನು ನಂಬಬೇಕಾಗಿಲ್ಲ.

ಮೊದಲ ಒಂದೂವರೆ ವರ್ಷ

ಈ ಅವಧಿಯಲ್ಲಿ ತಂದೆತಾಯಿ ಮಾಡಬೇಕಾದ ಮುಖ್ಯ ಕೆಲಸ ನೆಲವನ್ನು ಒದಗಿಸುವುದು. ಇನ್ನೂ ಹರಿದಾಡದ ಕೂಸನ್ನು ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ, ದಿನವಿಡೀ ಹಂಚಿ, ಎಚ್ಚರವಾಗಿರುವಾಗ ಬೋರಲು ಮಲಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ಜಮಖಾನದ ಮೇಲೆ ಮಲಗಿಸಿ, ನೀವೂ ಎದುರಿಗೆ ಬೋರಲು ಮಲಗಿ ಮಾತನಾಡಿಸಿ. ಅತ್ತರೆ ನಿಮ್ಮ ಎದೆಯ ಮೇಲೆ ಹಾಕಿಕೊಳ್ಳಿ, ಅದೂ ಲೆಕ್ಕಕ್ಕೆ ಬರುತ್ತದೆ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ ಮಲಗಿಸಬೇಕು. ಅಜ್ಜಿಯರು ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ನೀವುವಾಗ ಕೂಸು ತಲೆಯೆತ್ತಿ ನೋಡುತ್ತದಲ್ಲ, ಅದು ಇದೇ ವ್ಯಾಯಾಮ. ಕೈಕಾಲು ಜಗ್ಗಿ ಎಳೆಯದಿದ್ದರಾಯಿತು.

ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವ ಮುನ್ನ ಸಹಜ ವ್ಯತ್ಯಾಸ ಎಷ್ಟಿರುತ್ತದೆ ಎಂಬುದನ್ನು ತಿಳಿದಿರಬೇಕು. ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಳತೆಯಂತೆ, ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ಸ್ವತಂತ್ರವಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು. ಶೇ. 4.3ರಷ್ಟು ಮಕ್ಕಳು ಅಂಬೆಗಾಲಿಡದೆಯೇ ನಡೆದರು.

ಮಗುವನ್ನು ನಡುವೆ ಕೂರಿಸಿ ಉರುಳಾಡಿಸುವ ಪ್ಲಾಸ್ಟಿಕ್ ವಾಕರ್ ಮಾತ್ರ ಬೇಡವೇ ಬೇಡ. ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ, ಮೆಟ್ಟಿಲಿಂದ ಉರುಳುವ ಅಪಾಯವನ್ನು ತರುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು. ನಿಲ್ಲಲು ಕಲಿತ ಮಗುವಿಗೆ ಮರದ ಮೂರು ಗಾಲಿಯ ತಳ್ಳುಗಾಡಿ ಒಳ್ಳೆಯದು, ಏಕೆಂದರೆ ಅಲ್ಲಿ ಮೈಭಾರ ಹೊರುವುದು ಮಗುವಿನ ಕಾಲುಗಳೇ.

ಒಂದೂವರೆಯಿಂದ ಆರರವರೆಗೆ

ನಡೆಯಲು ಬಂದ ಮಕ್ಕಳಿಗೆ ದಿನಕ್ಕೆ 180 ನಿಮಿಷಗಳ ಚಟುವಟಿಕೆ ಬೇಕು. ಮೂರು ತುಂಬಿದ ಮೇಲೆ ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥದ್ದಿರಬೇಕು. ಮೂರು ಗಂಟೆ ಎಂದೊಡನೆ ಗಾಬರಿಯಾಗುವುದು ಬೇಡ. ಅಂಗಡಿಗೆ ನಡೆದು ಹೋಗುವುದು, ಮೆಟ್ಟಿಲು ಹತ್ತುವುದು, ಚೊಂಬಿನಲ್ಲಿ ಗಿಡಕ್ಕೆ ನೀರು ಹೊರುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಮನೆಯೊಳಗೆ ಬರಿಗಾಲಿನಲ್ಲಿರಲಿ.

ಭುಜ ಮತ್ತು ಬೆನ್ನಿಗೆ ಬಲ ತುಂಬಲು ತೋಳಿನ ಮೇಲೆ ಮೈಭಾರ ಬೀಳುವ ಆಟಗಳನ್ನು ಆಡಿಸಿ: ಆನೆಯಂತೆ ನಾಲ್ಕು ಕಾಲಲ್ಲಿ ನಡೆಯುವುದು, ಕಪ್ಪೆಯಂತೆ ಜಿಗಿಯುವುದು, ಕೊಂಬೆ ಹಿಡಿದು ಜೋತಾಡುವುದು. ಸಮತೋಲಕ್ಕೆ ಕುಂಟಾಬಿಲ್ಲೆಗಿಂತ ಉತ್ತಮವಾದ ಆಟ ನನಗೆ ತಿಳಿದಂತೆ ಬೇರೊಂದಿಲ್ಲ. ಅದರಲ್ಲಿ ಒಂದು ಕಾಲಿನ ಮೇಲೆ ನಿಲ್ಲಬೇಕು, ಬಿಲ್ಲೆಯನ್ನು ಗುರಿಯಿಟ್ಟು ಎಸೆಯಬೇಕು, ಗೆರೆ ತುಳಿಯದಂತೆ ತನ್ನನ್ನು ತಡೆದುಕೊಳ್ಳಬೇಕು, ಸರದಿಗೆ ಕಾಯಬೇಕು. ಒಂಟಿ ಕಾಲಿನ ಕುಪ್ಪಳಿಕೆ ಸಾಮಾನ್ಯವಾಗಿ ನಾಲ್ಕರ ಆಸುಪಾಸಿನಲ್ಲಿ ಬರುತ್ತದೆ. ಅದಕ್ಕೆ ಮೊದಲು ಎರಡು ಕಾಲು ಜೋಡಿಸಿ ಮನೆಯಿಂದ ಮನೆಗೆ ಹಾರಿದರೆ ಸಾಕು.

ಬೆರಳಿಗೆ ಬೇಕಾದ ಸಾಮಗ್ರಿ ಅಡುಗೆಮನೆಯಲ್ಲಿದೆ. ಚಪಾತಿ ಹಿಟ್ಟು ನಾದಿಸಿ, ಸಣ್ಣ ಬಟ್ಟೆ ಒಗೆದಾಗ ಹಿಂಡಿಸಿ, ಅವರೆಕಾಯಿ ಕಾಲದಲ್ಲಿ ಸುಲಿಯಲು ಜೊತೆಗೆ ಕೂರಿಸಿಕೊಳ್ಳಿ. ನೆನೆಸಿದ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಹಿದುಕಿದ ಬೇಳೆ ಮಾಡುವಾಗ ಕೈಗೆ ಸಿಗುವ ಅಭ್ಯಾಸವನ್ನು ಯಾವ ಆಟಿಕೆಯೂ ಕೊಡಲಾರದು. ಅಳಗುಳಿಮಣೆಯಲ್ಲಿ ಹಿಡಿ ಕಾಳು ತೆಗೆದುಕೊಂಡು ಗುಳಿಗೊಂದರಂತೆ ಬಿಡುವಾಗ ಬೆರಳು ಅಂಗೈಯಲ್ಲಿನ ಕಾಳನ್ನು ತುದಿಗೆ ಸರಿಸಲು ಕಲಿಯುತ್ತದೆ, ಜೊತೆಗೆ ಎಣಿಕೆಯೂ ಬರುತ್ತದೆ. ಮೂರು ತುಂಬದ ಮಕ್ಕಳ ಕೈಗೆ ಕಾಳು, ಹುಣಸೆಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು.

ರಂಗೋಲಿಯನ್ನು ನಾನು ಬರವಣಿಗೆಯ ನಿಜವಾದ ಪೂರ್ವಪಾಠವೆಂದು ಪರಿಗಣಿಸುತ್ತೇನೆ, ಮತ್ತು ಅದನ್ನು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಿಡುವುದು ಗಂಡುಮಕ್ಕಳಿಗೆ ಮಾಡುವ ಅನ್ಯಾಯ. ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಒಂದೇ ಹದದಲ್ಲಿ ಬಿಡುವುದಕ್ಕೆ ಪೆನ್ಸಿಲ್ ಹಿಡಿಯುವ ಬೆರಳುಗಳೇ ಬೇಕು. ಕುಕ್ಕರಗಾಲಿನಲ್ಲಿ ಕುಳಿತಿರುವುದರಿಂದ ಸೊಂಟ ಗಟ್ಟಿಯಾಗುತ್ತದೆ. ಬಲಗೈ ಮೈಯ ಎಡಬದಿಗೂ ಚಾಚಬೇಕಾಗುತ್ತದೆ. ಚುಕ್ಕಿಯ ಸುತ್ತ ಬಳಸಿ ಬರುವ ಗೆರೆಯಲ್ಲಿ ನಮ್ಮ ಲಿಪಿಯ ದುಂಡು ತಿರುವುಗಳೇ ಇವೆ. ಮೂರು ಚುಕ್ಕಿಗಳಿಂದ ಆರಂಭಿಸಿ.

ಅಕ್ಷರಕ್ಕೆ ಬರುವ ಹೊತ್ತು

ಮಕ್ಕಳು ನೋಡಿ ಬರೆಯುವ ಆಕಾರಗಳಿಗೆ ಒಂದು ಕ್ರಮವಿದೆ: ಸುಮಾರು ಎರಡಕ್ಕೆ ಉದ್ದಗೆರೆ, ನಂತರ ಅಡ್ಡಗೆರೆ, ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡುಗುರುತು, ಐದರ ಹೊತ್ತಿಗೆ ತ್ರಿಕೋನ. ವೃತ್ತವನ್ನು ಮುಚ್ಚಲಾಗದ ಮಗುವಿಗೆ ಕನ್ನಡದ ಅಕ್ಷರ ಒಗ್ಗುವುದಿಲ್ಲ. ಮೊದಲು ಗೋಡೆಗೆ ಅಂಟಿಸಿದ ದೊಡ್ಡ ಕಾಗದದ ಮೇಲೆ, ನಿಂತುಕೊಂಡು, ಭುಜದಿಂದ ತೋಳು ಬೀಸಿ ಬರೆಯಲಿ; ಅಂಗಳದ ಸಿಮೆಂಟಿನ ಮೇಲೆ ನೀರಿನಲ್ಲಿ ಅದ್ದಿದ ಬ್ರಷ್ ಆದರೂ ಸರಿ. ಬಳಪವನ್ನು ಮುರಿದು ಚಿಕ್ಕ ತುಂಡು ಕೊಟ್ಟರೆ ಮುಷ್ಟಿ ಹಿಡಿತಕ್ಕೆ ಜಾಗವೇ ಇಲ್ಲದೆ ಮೂರು ಬೆರಳು ತಾವಾಗಿ ಮುಂದೆ ಬರುತ್ತವೆ. ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಬೆರಳಿನಿಂದ ಬರೆಸಿದ್ದನ್ನು ಒಂದೇ ದಿನಕ್ಕೆ ನಿಲ್ಲಿಸದೆ ತಿಂಗಳುಗಟ್ಟಲೆ ಮುಂದುವರಿಸಬಹುದು.

ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲೇ ಬರೆಸಬೇಕಾಗಿಲ್ಲ, ಏಕೆಂದರೆ ಆ ಕ್ರಮ ಉಚ್ಚಾರಣೆಯನ್ನು ಅನುಸರಿಸಿದ್ದು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಎಂದು ಆಕಾರದ ಸಾಮ್ಯ ನೋಡಿ ಕಲಿಸುವ ರೂಢಿ ಇದೆ. ರ ಬಂದ ಕೈಗೆ ದ ದೂರವಲ್ಲ. ಕುಳಿತು ಬರೆಯುವಾಗ ಪಾದಗಳು ನೆಲಕ್ಕೋ ಮಣೆಗೋ ತಾಗಿರಲಿ, ಇನ್ನೊಂದು ಕೈ ಕಾಗದವನ್ನು ಒತ್ತಿ ಹಿಡಿದಿರಲಿ. ಎಡಗೈಯಲ್ಲಿ ಬರೆಯುವ ಮಗುವಿನ ಕೈ ಬದಲಿಸಬೇಡಿ.

ವೈದ್ಯರಿಗೆ ತೋರಿಸಬೇಕಾದ ಸಂದರ್ಭಗಳು ಕೆಲವಿವೆ. ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತ ಇನ್ನೊಂದನ್ನು ಮುದುಡಿ ಇಟ್ಟುಕೊಂಡರೆ, ಅಥವಾ ಬರುತ್ತಿದ್ದ ಕೌಶಲ ಯಾವ ವಯಸ್ಸಿನಲ್ಲೇ ಆಗಲಿ ಇಲ್ಲವಾದರೆ ಕಾಯುತ್ತ ಕೂರಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ನಡೆಸಿ, ಅಗತ್ಯವಿದ್ದ ಮಕ್ಕಳನ್ನು ಉಚಿತ ಚಿಕಿತ್ಸೆಗೆ ಕಳುಹಿಸುತ್ತವೆ. ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ದಾರಿ ತಿಳಿಯುತ್ತದೆ. ಹೋಗುವಾಗ ತಾಯಿ ಕಾರ್ಡಿನ ಜೊತೆ, ಮಗು ಮನೆಯಲ್ಲಿ ನಡೆಯುವ, ಕೂತು ಏಳುವ ಅರ್ಧ ನಿಮಿಷದ ವಿಡಿಯೋವನ್ನೂ ಫೋನಿನಲ್ಲಿ ತೆಗೆದುಕೊಂಡು ಹೋಗಿ, ಏಕೆಂದರೆ ವೈದ್ಯರ ಮುಂದೆ ಬಹಳಷ್ಟು ಮಕ್ಕಳು ಅಮ್ಮನ ಸೊಂಟ ಬಿಟ್ಟು ಕೆಳಗಿಳಿಯುವುದೇ ಇಲ್ಲ.