ಎಚ್‌ಆರ್ ವೃತ್ತಿಯವರು ತಮಗಾಗಿ ಕೆಲಸ ಹುಡುಕುವುದು ಹೇಗೆ

ಎಂಬಿಎ ಅಥವಾ ಎಂಎಸ್‌ಡಬ್ಲ್ಯೂ ಮುಗಿಸಿ, ಹಲವು ವರ್ಷ ಮಾನವ ಸಂಪನ್ಮೂಲ ವಿಭಾಗದಲ್ಲಿ ದುಡಿದು, ನೂರಾರು ಮಂದಿಗೆ ನೇಮಕಾತಿ ಪತ್ರ ಕೊಟ್ಟವರು ತಮಗೇ ಒಂದು ಕೆಲಸ ಸಿಗದೆ ತಿಂಗಳುಗಟ್ಟಲೆ ಅಲೆಯಬೇಕಾಗಿ ಬಂದಾಗ ಅನುಭವಿಸುವ ಸಂಕಟ ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ‘ನೀವೇ ಎಚ್‌ಆರ್ ಅಲ್ಲವೇ, ನಿಮಗೇನು ಕಷ್ಟ’ ಎಂದು ಮನೆಯವರೂ ನೆಂಟರೂ ಕೇಳುತ್ತಾರೆ. ಕಷ್ಟ ನಿಜವಾದದ್ದು, ಅದಕ್ಕೆ ಕಾರಣಗಳೂ ಸ್ಪಷ್ಟವಾಗಿವೆ. ಸಾವಿರ ಜನರಿರುವ ಸಂಸ್ಥೆಯಲ್ಲಿಯೂ ಈ ವಿಭಾಗದ ಹುದ್ದೆಗಳು ಬೆರಳೆಣಿಕೆಯಷ್ಟೇ ಇರುತ್ತವೆ. ಹೊಸ ನೇಮಕಾತಿ ನಿಂತ ಕೂಡಲೇ ಮೊದಲು ಹೊರೆಯೆನಿಸುವವರು ನೇಮಕಾತಿ ಮಾಡುವವರೇ. ಮೇಲಾಗಿ ಸಂಬಳದ ಗುಟ್ಟು ತಿಳಿಯುವ ಈ ಹುದ್ದೆಗೆ ಬಹಳಷ್ಟು ಮಾಲೀಕರು ಜಾಹೀರಾತು ಕೊಡುವುದಕ್ಕಿಂತ ಪರಿಚಿತರ ಮೂಲಕ ಬಂದವರನ್ನೇ ಬಯಸುತ್ತಾರೆ. ಆದ್ದರಿಂದ ಬೇರೆ ವಿಭಾಗದ ಅಭ್ಯರ್ಥಿಗಳಿಗೆ ನಾವು ಹೇಳಿಕೊಡುವ ದಾರಿ ನಮಗೆ ಅಷ್ಟಾಗಿ ಒದಗುವುದಿಲ್ಲ. ಬೆಂಗಳೂರು ಮತ್ತು ಕರ್ನಾಟಕದ ಇತರ ಕೈಗಾರಿಕಾ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಬೇರೆ ದಾರಿ ಯಾವುದೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ನಿಮಗೆ ಯಾವ ಕೆಲಸ ಬೇಕೆಂಬುದನ್ನು ಖಚಿತಪಡಿಸಿಕೊಳ್ಳಿ. ‘ಎಚ್‌ಆರ್ ಎಕ್ಸಿಕ್ಯೂಟಿವ್’ ಎಂಬ ಒಂದೇ ಹೆಸರಿನಡಿ ನಾಲ್ಕಾರು ಬೇರೆ ಬೇರೆ ಕೆಲಸಗಳಿವೆ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಆ ಹುದ್ದೆಯವರು ದಿನವಿಡೀ ಅಭ್ಯರ್ಥಿಗಳಿಗೆ ಫೋನ್ ಮಾಡುತ್ತಿರಬಹುದು. ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯಲ್ಲಿ ಅದೇ ಹೆಸರಿನವರು ಹಾಜರಿ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ಮತ್ತು ಗುತ್ತಿಗೆದಾರರ ಬಿಲ್ಲುಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಬಿಡದಿ ಅಥವಾ ನರಸಾಪುರದ ದೊಡ್ಡ ಘಟಕದಲ್ಲಾದರೆ ಕ್ಯಾಂಟೀನ್, ಬಸ್ಸು, ಪಾಳಿ, ಕಾರ್ಮಿಕ ಸಂಘದೊಂದಿಗಿನ ಮಾತುಕತೆ ಇವೆಲ್ಲ ಸೇರಿಕೊಳ್ಳುತ್ತವೆ. ಈ ಮೂರಕ್ಕೂ ಒಂದೇ ರೆಸ್ಯೂಮೆ ಕಳುಹಿಸಿದರೆ ಮೂರು ಕಡೆಯೂ ಅರೆಬರೆ ಅಭ್ಯರ್ಥಿಯಾಗಿ ಕಾಣುತ್ತೀರಿ. ಬರಿಯ ನೇಮಕಾತಿಯ ಅನುಭವವಷ್ಟೇ ಇರುವವರು ಪೇರೋಲ್ (ಸಂಬಳದ ಲೆಕ್ಕ) ಮತ್ತು ಕಾನೂನು ಪಾಲನೆಯ ಕಡೆಗೆ ಕೈ ಚಾಚುವುದು ಒಳ್ಳೆಯದೆಂಬುದು ನನ್ನ ದೃಢ ಅಭಿಪ್ರಾಯ. ನೇಮಕಾತಿ ಮಾರುಕಟ್ಟೆಯೊಂದಿಗೆ ಏರಿಳಿಯುತ್ತದೆ, ಆದರೆ ಪಿಎಫ್ ಚಲನ್ ಪ್ರತಿ ತಿಂಗಳೂ ಕಟ್ಟಲೇಬೇಕು.

ಎಲ್ಲಿ ಹುಡುಕಬೇಕೆಂಬುದಕ್ಕೆ ಕಾನೂನೇ ಒಂದು ದಾರಿ ತೋರಿಸುತ್ತದೆ. ಸಿಬ್ಬಂದಿ ಸಂಖ್ಯೆ 10 ಮುಟ್ಟಿದರೆ ಇಎಸ್‌ಐ ಅನ್ವಯವಾಗುತ್ತದೆ ಮತ್ತು ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಆಂತರಿಕ ಸಮಿತಿ ರಚಿಸಬೇಕಾಗುತ್ತದೆ; 20ಕ್ಕೆ ಪಿಎಫ್ ಬರುತ್ತದೆ; ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆಯ ಪ್ರಕಾರ 250 ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಬೇಕು; 300ಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆಯಡಿ ಸ್ಥಾಯಿ ಆದೇಶಗಳು, ಅಂದರೆ ಕೆಲಸದ ಷರತ್ತುಗಳ ಲಿಖಿತ ನಿಯಮಗಳು, ಬರುತ್ತವೆ. ಹೀಗೆ ಒಂದು ಮಿತಿಯನ್ನು ದಾಟುತ್ತಿರುವ, ಅಂದರೆ ಹೊಸ ಶೆಡ್ ಕಟ್ಟುತ್ತಿರುವ ಅಥವಾ ಎರಡನೇ ಪಾಳಿ ಆರಂಭಿಸಿರುವ ಸಂಸ್ಥೆಗೆ ನಿಮ್ಮ ಅಗತ್ಯ ಈಗಷ್ಟೇ ಹುಟ್ಟಿರುತ್ತದೆ. ಅಂಥ ಕಡೆ ಹುದ್ದೆಯಿನ್ನೂ ಜಾಹೀರಾತಾಗಿರುವುದಿಲ್ಲ. ಲೆಕ್ಕಪತ್ರ ವಿಭಾಗದವರೊಬ್ಬರು ಈ ಕೆಲಸವನ್ನೂ ಹೊತ್ತುಕೊಂಡು ಹೈರಾಣಾಗಿರುತ್ತಾರೆ. ಬೊಮ್ಮಸಂದ್ರ, ಜಿಗಣಿ, ವೇಮಗಲ್, ನಂಜನಗೂಡು, ಧಾರವಾಡದ ಬೇಲೂರು ಇಂಥ ಪ್ರದೇಶಗಳ ಮಧ್ಯಮ ಗಾತ್ರದ ಕಾರ್ಖಾನೆಗಳ ಪಟ್ಟಿಯೊಂದನ್ನು ನೀವೇ ತಯಾರಿಸಿಕೊಳ್ಳಿ. ಕನ್ನಡದಲ್ಲಿ ಕಾರ್ಮಿಕರೊಂದಿಗೆ ಸಹಜವಾಗಿ ಮಾತನಾಡಬಲ್ಲವರಿಗೆ ಅಲ್ಲಿ ನಿಜವಾದ ಬೆಲೆಯಿದೆ.

ಈಗ ಇನ್ನೊಂದು ಅವಕಾಶವೂ ಇದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 29 ಕೇಂದ್ರ ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಇವುಗಳ ಪ್ರಕಾರ ವೇತನದ ವ್ಯಾಖ್ಯೆಯಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಮೊತ್ತವನ್ನು ವೇತನಕ್ಕೇ ಸೇರಿಸಬೇಕು. ತಿಂಗಳಿಗೆ 40,000 ರೂಪಾಯಿ ಪಡೆಯುವ ನೌಕರನೊಬ್ಬನ ಮೂಲ ವೇತನ 14,000 ಎಂದೂ, ಉಳಿದ 26,000 ಮನೆ ಬಾಡಿಗೆ ಭತ್ಯೆ, ಸಾರಿಗೆ ಭತ್ಯೆ ಇತ್ಯಾದಿ ಎಂದೂ ಇಟ್ಟುಕೊಳ್ಳಿ. ಅರ್ಧವೆಂದರೆ 20,000; ಭತ್ಯೆಗಳು ಅದನ್ನು 6,000ದಷ್ಟು ಮೀರಿವೆ; ಆದ್ದರಿಂದ ಕಾನೂನಿನ ಲೆಕ್ಕಕ್ಕೆ ವೇತನ 20,000 ಆಗುತ್ತದೆ. ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸುವ ಸೂತ್ರದಂತೆ ಗ್ರಾಚ್ಯುಟಿಯ (ಸೇವೆ ಮುಗಿದಾಗ ಸಂಸ್ಥೆ ಕೊಡುವ ಇಡುಗಂಟು) ಹೊಣೆ ಸೇವೆಯ ಪ್ರತಿ ವರ್ಷಕ್ಕೆ ಸುಮಾರು 8,077 ರೂಪಾಯಿಯಿಂದ 11,538ಕ್ಕೆ ಏರುತ್ತದೆ. ಪಿಎಫ್‌ನ ಕಡ್ಡಾಯ ವೇತನ ಮಿತಿ 15,000 ಆಗಿರುವುದರಿಂದ, ಆ ಮಿತಿಗಷ್ಟೇ ಕಟ್ಟುವ ಸಂಸ್ಥೆಯಲ್ಲಿ ನೌಕರನ ಪಾಲು 1,680ರಿಂದ 1,800ಕ್ಕೆ ಮಾತ್ರ ಏರುತ್ತದೆ. ಕೈಗೆ ಬರುವ ಸಂಬಳ ಕುಸಿಯುತ್ತದೆಂಬ ಭಯಕ್ಕೆ ಇಲ್ಲಿ ಹೆಚ್ಚು ಆಧಾರವಿಲ್ಲ. ಈ ಲೆಕ್ಕವನ್ನು ಕಾಗದದ ಮೇಲೆ ಐದು ನಿಮಿಷದಲ್ಲಿ ಮಾಡಿ ತೋರಿಸಬಲ್ಲ ಅಭ್ಯರ್ಥಿಯನ್ನು ಕಾರ್ಖಾನೆಯ ಮಾಲೀಕರು ಸುಲಭವಾಗಿ ಮರೆಯುವುದಿಲ್ಲ. ನಿಶ್ಚಿತಾವಧಿ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲುತ್ತದೆ ಎಂಬುದನ್ನೂ ಇದರೊಂದಿಗೆ ಓದಿಕೊಳ್ಳಿ.

ರೆಸ್ಯೂಮೆಯ ವಿಷಯದಲ್ಲಿ ನಮ್ಮವರೇ ಹೆಚ್ಚು ಎಡವುತ್ತಾರೆ. ‘ನೇಮಕಾತಿಯಿಂದ ನಿರ್ಗಮನದವರೆಗಿನ ಎಲ್ಲ ಪ್ರಕ್ರಿಯೆಗಳ ನಿರ್ವಹಣೆ’ ಎಂಬ ಸಾಲು ಎಲ್ಲರ ರೆಸ್ಯೂಮೆಯಲ್ಲೂ ಇರುವುದರಿಂದ ಅದು ಯಾರನ್ನೂ ಗುರುತಿಸುವುದಿಲ್ಲ. ಅದರ ಬದಲು ‘ಇಬ್ಬರು ಗುತ್ತಿಗೆದಾರರ ಮೂಲಕ ಬಂದ ಕಾರ್ಮಿಕರ ಪಿಎಫ್ ಮತ್ತು ಇಎಸ್‌ಐ ಪಾವತಿಯನ್ನು ಪ್ರತಿ ತಿಂಗಳು ಹಾಜರಿಯೊಂದಿಗೆ ತಾಳೆ ನೋಡಿದ ಬಳಿಕವೇ ಬಿಲ್ಲಿಗೆ ಸಹಿ ಮಾಡುವ ವ್ಯವಸ್ಥೆಯನ್ನು ತಂದೆ’ ಎಂದು ಬರೆದರೆ, ಓದುವವರಿಗೆ ನೀವು ಏನು ಮಾಡಬಲ್ಲಿರೆಂಬುದು ತಿಳಿಯುತ್ತದೆ. ಎಷ್ಟು ಜನರ ಸಂಸ್ಥೆ, ಎಷ್ಟು ಪಾಳಿ, ಯಾವ ಪೇರೋಲ್ ತಂತ್ರಾಂಶ ಎಂಬುದನ್ನು ಮೊದಲ ಪುಟದಲ್ಲೇ ನಮೂದಿಸಿ.

ನೌಕರಿ.ಕಾಂ, ಲಿಂಕ್ಡ್‌ಇನ್ ಜಾಲತಾಣಗಳಲ್ಲಿ ಅರ್ಜಿ ಹಾಕುವುದನ್ನು ಬಿಡಬೇಕಾಗಿಲ್ಲ, ಆದರೆ ದಿನದ ಸಮಯವೆಲ್ಲ ಅಲ್ಲಿಗೇ ಹೋಗಬಾರದು. ಪಿಎಫ್ ಕನ್ಸಲ್ಟೆಂಟರು, ಕಾರ್ಮಿಕ ಕಾನೂನು ವಕೀಲರು ಮತ್ತು ಲೆಕ್ಕಪರಿಶೋಧಕರಿಗೆ ಯಾವ ಕಂಪನಿಯ ಎಚ್‌ಆರ್ ಬಿಟ್ಟುಹೋದರೆಂಬ ಸುದ್ದಿ ಜಾಹೀರಾತಿಗಿಂತ ಮೊದಲೇ ತಿಳಿದಿರುತ್ತದೆ. ರಾಷ್ಟ್ರೀಯ ಸಿಬ್ಬಂದಿ ನಿರ್ವಹಣಾ ಸಂಸ್ಥೆಯಾದ ಎನ್‌ಐಪಿಎಂನ ಸ್ಥಳೀಯ ಶಾಖೆಗಳ ಸಭೆಗಳಿಗೆ ಹೋದರೆ ಇಂಥವರ ಪರಿಚಯವಾಗುತ್ತದೆ. ನೇರವಾಗಿ ಬರೆಯುವಾಗ ಎಚ್‌ಆರ್ ವಿಭಾಗಕ್ಕೆ ಬರೆಯಬೇಡಿ, ಏಕೆಂದರೆ ನಿಮ್ಮ ಅರ್ಜಿ ಅಲ್ಲಿರುವವರ ಹುದ್ದೆಗೇ ಕಂಟಕವಾಗಿ ಕಾಣಬಹುದು. ಕಾರ್ಖಾನೆಯ ವ್ಯವಸ್ಥಾಪಕರಿಗೆ ಅಥವಾ ಹಣಕಾಸು ಮುಖ್ಯಸ್ಥರಿಗೆ ಬರೆಯಿರಿ. ‘ಸರ್, ನಿಮ್ಮ ಹೊಸ ಘಟಕ ಆರಂಭವಾಗಿರುವುದನ್ನು ತಿಳಿದೆ. ಇಷ್ಟೇ ಗಾತ್ರದ ಕಾರ್ಖಾನೆಯಲ್ಲಿ ಪೇರೋಲ್ ಮತ್ತು ಗುತ್ತಿಗೆ ಕಾರ್ಮಿಕರ ದಾಖಲೆಗಳನ್ನು ನಾಲ್ಕು ವರ್ಷ ನೋಡಿಕೊಂಡಿದ್ದೇನೆ. ಹತ್ತು ನಿಮಿಷ ಸಮಯ ಕೊಟ್ಟರೆ ಬಂದು ಮಾತನಾಡುತ್ತೇನೆ’ ಎಂಬಷ್ಟು ಸಾಕು.

ಈಗಾಗಲೇ ಕೆಲಸದಲ್ಲಿದ್ದು ಬದಲಾವಣೆ ಬಯಸುವವರಿಗೆ ಗೌಪ್ಯತೆಯೇ ದೊಡ್ಡ ತಲೆನೋವು. ನಿಮ್ಮ ಸಹೋದ್ಯೋಗಿಗಳು ದಿನವೂ ಅದೇ ಜಾಲತಾಣಗಳಲ್ಲಿ ಅಭ್ಯರ್ಥಿಗಳನ್ನು ಹುಡುಕುತ್ತಿರುತ್ತಾರೆ. ರೆಸ್ಯೂಮೆಯನ್ನು ಅಲ್ಲಿ ಹಾಕುವ ಮೊದಲು ನಿಮ್ಮ ಸಂಸ್ಥೆಗೆ ಅದು ಕಾಣದಂತೆ ನಿರ್ಬಂಧಿಸಿ, ಮತ್ತು ಆಫರ್ ಕೈಗೆ ಬರುವವರೆಗೆ ಈಗಿನ ಮೇಲಧಿಕಾರಿಯನ್ನು ಸಂಪರ್ಕಿಸಬಾರದೆಂದು ಸಂದರ್ಶಕರಿಗೆ ಸ್ಪಷ್ಟವಾಗಿ ತಿಳಿಸಿ.

ಸಂದರ್ಶನದ ಹಂತದಲ್ಲಿ ಎರಡು ಸಂಗತಿಗಳು ಮನಸ್ಸನ್ನು ನೋಯಿಸುತ್ತವೆ. ಕೆಲವರು ‘ಅಸೈನ್‌ಮೆಂಟ್’ ಎಂದು ಹೇಳಿ ಪೂರ್ತಿ ರಜಾ ನೀತಿಯನ್ನೋ ಕಾರ್ಯಕ್ಷಮತೆಯ ಮೌಲ್ಯಮಾಪನ ಪದ್ಧತಿಯನ್ನೋ ಬರೆಸಿಕೊಳ್ಳುತ್ತಾರೆ, ಆಮೇಲೆ ಸುದ್ದಿಯೇ ಇರುವುದಿಲ್ಲ. ಒಂದು ಪುಟದ ರೂಪರೇಖೆಯನ್ನು ಕೊಡಿ, ಉಳಿದದ್ದನ್ನು ಎದುರು ಕುಳಿತು ವಿವರಿಸುವುದಾಗಿ ವಿನಯದಿಂದ ಹೇಳಿ. ನಿಜವಾಗಿ ನೇಮಿಸಿಕೊಳ್ಳುವ ಉದ್ದೇಶವಿರುವವರು ಇದಕ್ಕೆ ಒಪ್ಪುತ್ತಾರೆ. ಎರಡನೆಯದು ಮೌನ. ಮೂರು ಸುತ್ತು ಮಾತನಾಡಿಸಿದ ಮೇಲೂ ಒಂದು ಸಾಲಿನ ಉತ್ತರ ಬರೆಯದಿರುವುದು ಅನ್ಯಾಯವೇ ಸರಿ, ಅದನ್ನು ಮಾಡುವವರು ನಮ್ಮದೇ ವೃತ್ತಿಯವರೆಂಬುದು ಇನ್ನೂ ನೋವಿನ ಸಂಗತಿ. ಆದರೆ ಬಜೆಟ್ಟಿಗೆ ಒಪ್ಪಿಗೆ ಸಿಗದಿರುವುದು, ಒಳಗಿನವರಿಗೇ ಬಡ್ತಿ ಕೊಟ್ಟಿರುವುದು, ಹುದ್ದೆಯನ್ನು ತಡೆಹಿಡಿದಿರುವುದು ಎಷ್ಟು ಸಾಮಾನ್ಯವೆಂದು ನಮಗೆ ಗೊತ್ತಿದೆ. ಆ ಮೌನವನ್ನು ನಿಮ್ಮ ಯೋಗ್ಯತೆಯ ತೀರ್ಪೆಂದು ತಿಳಿಯಬೇಡಿ. ಸಂದರ್ಶನ ಮುಗಿಸಿ ಏಳುವ ಮೊದಲೇ ಯಾವ ದಿನದೊಳಗೆ ತಿಳಿಸುತ್ತಾರೆಂದು ಕೇಳಿಕೊಳ್ಳಿ, ಆ ದಿನ ಕಳೆದ ಮೇಲೆ ಒಮ್ಮೆ ಮಾತ್ರ ವಿಚಾರಿಸಿ, ಅನಂತರ ಮುಂದಿನ ಸಂಸ್ಥೆಯ ಕಡೆಗೆ ಗಮನ ಹರಿಸಿ.

ಸಿಬ್ಬಂದಿ ಕಡಿತದಲ್ಲಿ ಕೆಲಸ ಹೋದವರು ಅದನ್ನು ಮರೆಮಾಚುವ ಅಗತ್ಯವಿಲ್ಲ. ಇತರರಿಗೆ ಬಿಡುಗಡೆಯ ಪತ್ರ ಕೊಟ್ಟು ಕೊನೆಗೆ ತಾವೂ ಪಡೆದವರು ನಮ್ಮಲ್ಲಿ ಹಲವರಿದ್ದಾರೆ. ‘ವಿಭಾಗ ಚಿಕ್ಕದಾಯಿತು, ನನ್ನ ಹುದ್ದೆಯೂ ಹೋಯಿತು, ಹೋಗುವ ಮೊದಲು ಎಲ್ಲರ ಬಾಕಿಯ ಲೆಕ್ಕವನ್ನೂ ಮುಗಿಸಿಕೊಟ್ಟೆ’ ಎಂಬ ಉತ್ತರ ನಿಜವಾಗಿದ್ದರೆ ಅದಕ್ಕಿಂತ ಹೆಚ್ಚಿನ ಸಮಜಾಯಿಷಿ ಬೇಕಿಲ್ಲ.

ಆಫರ್ ಬಂದಾಗ ಬೇರೆಯವರಿಗೆ ಹೇಳುತ್ತಿದ್ದ ಎಚ್ಚರಿಕೆಯನ್ನೇ ನೀವೂ ಪಾಲಿಸಿ. ನೋಂದಣಿ ಅಥವಾ ತರಬೇತಿ ಶುಲ್ಕವೆಂದು ಹಣ ಕೇಳುವ ಕನ್ಸಲ್ಟೆನ್ಸಿಗಳಿಂದ ದೂರವಿರಿ. ಸಿಟಿಸಿಯೊಳಗೆ, ಅಂದರೆ ನಿಮಗಾಗಿ ಸಂಸ್ಥೆ ಮಾಡುವ ಒಟ್ಟು ವೆಚ್ಚದೊಳಗೆ, ಗ್ರಾಚ್ಯುಟಿಯನ್ನೂ ಸಂಸ್ಥೆಯ ಪಿಎಫ್ ಪಾಲನ್ನೂ ಸೇರಿಸಿದ್ದಾರೆಯೇ, ನೋಟಿಸ್ ಅವಧಿ ಎಷ್ಟು, ಪ್ರೊಬೇಷನ್‌ನಲ್ಲಿ ಅದು ಬೇರೆಯೇ ಎಂಬುದನ್ನು ಲಿಖಿತವಾಗಿ ಪಡೆದ ಮೇಲಷ್ಟೇ ರಾಜೀನಾಮೆ ಕೊಡಿ. ವೇತನ ಸಂಹಿತೆಯ ಪ್ರಕಾರ ಹಳೆಯ ಸಂಸ್ಥೆ ನಿಮ್ಮ ಬಾಕಿ ವೇತನವನ್ನು ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ರಿಲೀವಿಂಗ್ ಲೆಟರ್ ಪಡೆದ ನಂತರ ನಿಮ್ಮ ಯುಎಎನ್ (ಪಿಎಫ್‌ನ ಶಾಶ್ವತ ಸಂಖ್ಯೆ) ಖಾತೆಯಲ್ಲಿ ನಿರ್ಗಮನದ ದಿನಾಂಕ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ. ಹೊಸ ಸಂಸ್ಥೆಯ ಹಿನ್ನೆಲೆ ಪರಿಶೀಲನೆಯಲ್ಲಿ ಎರಡು ಉದ್ಯೋಗಗಳ ಅವಧಿ ಒಂದರ ಮೇಲೊಂದು ಬಿದ್ದಂತೆ ಕಂಡರೆ ಅದನ್ನು ಸರಿಪಡಿಸಲು ಅನಗತ್ಯವಾಗಿ ಓಡಾಡಬೇಕಾಗುತ್ತದೆ.