ಹತ್ತು ಮೀಟರ್ ಏರ್ ರೈಫಲ್: ಪೆಲೆಟ್ ಆರಿಸುವುದು, ನೋಡುವುದು, ತೂಗುವುದು

ಏರ್ ರೈಫಲ್ ಕಲಿಯುವವರು ಜಾಕೆಟ್, ಗುರಿ ನೋಡುವ ಸೈಟ್, ಗ್ಲೌಸ್ ಎಂದು ಎಲ್ಲವನ್ನೂ ವಿಚಾರಿಸಿ ಕೊಳ್ಳುತ್ತಾರೆ. ಪೆಲೆಟ್, ಅಂದರೆ ರೈಫಲ್ ಹಾರಿಸುವ ಸೀಸದ ಪುಟ್ಟ ಗುಂಡು, ಮಾತ್ರ ಅಂಗಡಿಯಲ್ಲಿ ಆ ದಿನ ಸಿಕ್ಕಿದ್ದು. ಅಂಕ ಒಂದು ಕಡೆ ನಿಂತುಬಿಟ್ಟಾಗ ಮಿಲಿಗ್ರಾಂ ತಕ್ಕಡಿ ತಂದು ಒಂದೊಂದೇ ಪೆಲೆಟ್ ತೂಗಲು ಕೂರುತ್ತಾರೆ. ತೂಗುವುದು ತಪ್ಪಲ್ಲ, ಆದರೆ ಅದು ಮೂರನೆಯ ಕೆಲಸ. ಮೊದಲು ಬ್ಯಾಚ್, ಆಮೇಲೆ ಕಣ್ಣು, ಕೊನೆಗೆ ತಕ್ಕಡಿ. ಈ ಕ್ರಮ ತಪ್ಪಿದರೆ ಒಂದು ಭಾನುವಾರ ಪೂರ್ತಿ ಹಾಳಾಗುತ್ತದೆ, ಅಂಕ ಇದ್ದಲ್ಲೇ ಇರುತ್ತದೆ.

ಹೊರದೇಶದ ವಿಡಿಯೊಗಳಲ್ಲಿ ಮನೆಯಲ್ಲೇ ಮದ್ದು ಅಳೆದು ತೋಟಾ ತುಂಬುವುದನ್ನು ನೋಡಿ ಇಲ್ಲೂ ಹಾಗೆ ಮಾಡಬಹುದೇ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಏರ್ ರೈಫಲ್‌ನಲ್ಲಿ ಮದ್ದೇ ಇಲ್ಲ. ಪ್ರತಿ ಹೊಡೆತಕ್ಕೂ ಎಷ್ಟು ಒತ್ತಡದ ಗಾಳಿ ಹೋಗಬೇಕು ಎಂಬುದನ್ನು ರೆಗ್ಯುಲೇಟರ್ ನೋಡಿಕೊಳ್ಳುತ್ತದೆ. ನಾವು ಆರಿಸಿ, ಅಳೆದು, ತೂಗಿ ನೋಡಬಹುದಾದದ್ದು ಅರ್ಧ ಗ್ರಾಂನ ಸೀಸದ ತುಣುಕೊಂದೇ.

ಯಾವ ಪೆಲೆಟ್

ಸ್ಪರ್ಧೆಗೆ 4.5 ಮಿ.ಮೀ. ಕ್ಯಾಲಿಬರ್‌ನ, ಚಪ್ಪಟೆ ತಲೆಯ ಪೆಲೆಟ್ಟೇ ಬೇಕು. ಚೂಪು ತಲೆಯದು ಕಾಗದವನ್ನು ಹರಿಯುತ್ತದೆ. ಚಪ್ಪಟೆ ತಲೆ ದುಂಡಗೆ ಕತ್ತರಿಸುತ್ತದೆ, ಹಾಗಾಗಿ ಅಂಕ ಓದುವಾಗ ಗೊಂದಲವಿಲ್ಲ. ರೈಫಲ್‌ಗೆ ಸಾಮಾನ್ಯವಾಗಿ 0.53 ಗ್ರಾಂ, ಅಂದರೆ 8.2 ಗ್ರೇನ್, ಪಿಸ್ತೂಲಿಗೆ 0.45 ಗ್ರಾಂ, ಅಂದರೆ 7 ಗ್ರೇನ್. ಡಬ್ಬಿಯ ಮೇಲೆ 4.49, 4.50, 4.51 ಎಂದು ಬರೆದಿರುವುದು ತಲೆಯ ಅಗಲ. ಬ್ಯಾರೆಲ್‌ಗಿಂತ ಸಣ್ಣದಾದರೆ ಪೆಲೆಟ್ ಸಡಿಲವಾಗಿ ಕೂರುತ್ತದೆ, ದೊಡ್ಡದಾದರೆ ತುಂಬುವಾಗಲೇ ರೂಪ ಕೆಡುತ್ತದೆ. ನಿಮ್ಮ ಬ್ಯಾರೆಲ್‌ಗೆ ಯಾವುದು ಸರಿ ಎಂದು ಅಂಗಡಿಯವರು ಹೇಳಲಾರರು. 4.50ರಿಂದ ಶುರುಮಾಡಿ ಎರಡೂ ಕಡೆ ಒಂದೊಂದು ಹೆಜ್ಜೆ ಹೊಡೆದು ನೋಡಿ. ವರ್ನಿಯರ್ ಹಿಡಿದು ಅಗಲ ಅಳೆಯಲು ಹೋಗಬೇಡಿ: ಸೀಸ ಮೆದು, ವರ್ನಿಯರ್‌ನ ದವಡೆಗೇ ನಗ್ಗುತ್ತದೆ, ಮೇಲಾಗಿ ಸಾಧಾರಣ ಡಿಜಿಟಲ್ ವರ್ನಿಯರ್‌ನ ತಪ್ಪೇ 0.02 ಮಿ.ಮೀ. ಇರುತ್ತದೆ. ಹುಡುಕುತ್ತಿರುವ ವ್ಯತ್ಯಾಸಕ್ಕಿಂತ ಉಪಕರಣದ ತಪ್ಪು ದೊಡ್ಡದು.

ಡಬ್ಬಿಯ ಸ್ಟಿಕರ್ ಮೇಲಿನ ಬ್ಯಾಚ್ ನಂಬರ್ ಕಂಪನಿಯ ಹೆಸರಿಗಿಂತ ಮುಖ್ಯ. ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಬ್ಯಾಚ್‌ಗಳು ಒಂದೇ ಬ್ಯಾರೆಲ್‌ನಲ್ಲಿ ಬೇರೆಬೇರೆಯಾಗಿ ಹೊಡೆಯುತ್ತವೆ. ಪರೀಕ್ಷೆಗೆ ಬೇರೆಬೇರೆ ಬ್ಯಾಚ್‌ನ ಮೂರು ನಾಲ್ಕು ಡಬ್ಬಿ ಸಾಕು. ರೇಂಜ್‌ನಲ್ಲಿ ನಾಲ್ಕು ಜನ ಸೇರಿ ಹಂಚಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಕೋಚ್ ಅನುಮತಿ ಪಡೆದು ರೈಫಲ್ ಅನ್ನು ಬಿಗಿಯಾಗಿ ಹಿಡಿಯುವ ವೈಸ್‌ನಲ್ಲಿ ರಬ್ಬರ್ ಅಥವಾ ಚರ್ಮದ ಮೆತ್ತೆಯಿಟ್ಟು ಕೂರಿಸಿ. ಗಾಳಿ ಸಿಲಿಂಡರ್ ಮೇಲೂ ಬ್ಯಾರೆಲ್ ಮೇಲೂ ಬಿಗಿ ಬೀಳಬಾರದು. ಪೆಲೆಟ್ ಬದಲಿಸಿದಾಗ ಮೊದಲ ಹತ್ತು ಹದಿನೈದು ಹೊಡೆತ ಲೆಕ್ಕಕ್ಕಿಲ್ಲ, ಬ್ಯಾರೆಲ್ ಒಳಗಿನ ಸೀಸದ ಪೊರೆ ಹೊಂದಿಕೊಳ್ಳಬೇಕು. ಆಮೇಲೆ ಹತ್ತು ಹೊಡೆತದ ಎರಡು ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು. ಐದರ ಗ್ರೂಪ್ ನಂಬಬೇಡಿ, ಅದು ಅದೃಷ್ಟದಲ್ಲೂ ಚೆನ್ನಾಗಿ ಬರುತ್ತದೆ.

ಗ್ರೂಪಿನಲ್ಲಿ ಒಂದಕ್ಕೊಂದು ಅತಿ ದೂರವಿರುವ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಮಿ.ಮೀ.ನಲ್ಲಿ ಅಳೆದು 4.5 ಕಳೆಯಿರಿ. ಹೊರ ಅಳತೆ 6.7 ಇದ್ದರೆ ನಡುವಿನಿಂದ ನಡುವಿಗೆ 2.2 ಮಿ.ಮೀ. ರೈಫಲ್ ಟಾರ್ಗೆಟ್‌ನ ಹತ್ತರ ಚುಕ್ಕಿ 0.5 ಮಿ.ಮೀ. ಅಷ್ಟೇ, ಪೆಲೆಟ್‌ನ ಅಂಚು ಅದನ್ನು ತಾಕಿದರೆ ಹತ್ತು. ಅಂದರೆ ಪೆಲೆಟ್‌ನ ನಡು ಚುಕ್ಕಿಯ ನಡುವಿನಿಂದ 2.5 ಮಿ.ಮೀ. ವರೆಗೆ ಸರಿಯಬಹುದು. ಕೈಯ ಅಲುಗಾಟಕ್ಕೂ ಅದರಲ್ಲೇ ಜಾಗ ಬೇಕಾದ್ದರಿಂದ ಹೊರ ಅಳತೆ 7 ದಾಟಿದ ಬ್ಯಾಚ್ ಅಭ್ಯಾಸಕ್ಕೆ ಮಾತ್ರ. ಚೆನ್ನಾಗಿ ಹೊಡೆದ ಬ್ಯಾಚ್ ಸಿಕ್ಕರೆ ಕೈಗೆಟುಕುವಷ್ಟು ಡಬ್ಬಿಯನ್ನು ಅವತ್ತೇ ಕೊಂಡುಬಿಡಿ. ಮುಂದಿನ ತಿಂಗಳು ಅದೇ ನಂಬರ್ ಸಿಗುವ ಭರವಸೆಯಿಲ್ಲ.

ಕಣ್ಣಿನ ಕೆಲಸ

ಪೆಲೆಟ್‌ಗೆ ತಲೆ, ನಡು, ಹಿಂದೆ ಟೊಳ್ಳಾದ ಸ್ಕರ್ಟ್. ಬ್ಯಾರೆಲ್ ಒಳಗಿನ ಗೀರುಗಳನ್ನು ಕಚ್ಚಿ ಗಾಳಿ ಸೋರದಂತೆ ತಡೆಯುವುದು ಆ ತೆಳುವಾದ ಸ್ಕರ್ಟ್. ಅದು ಒಂದು ಕಡೆ ನಗ್ಗಿದ್ದರೆ ಗಾಳಿ ಒಂದೇ ಬದಿಯಲ್ಲಿ ನುಗ್ಗಿ ಪೆಲೆಟ್ ಓಲಾಡುತ್ತಾ ಹೊರಬರುತ್ತದೆ. ಇಡೀ ಅಂಕ ಕಳೆಯುವುದು ಇಂಥ ಪೆಲೆಟ್ಟೇ. ಬಿಳಿ ಬಟ್ಟೆಯ ಮೇಲೆ ಡಬ್ಬಿಯನ್ನು ನಿಧಾನವಾಗಿ ಓರೆಮಾಡಿ, ಎತ್ತರದಿಂದ ಸುರಿಯಬೇಡಿ. ಟೇಬಲ್ ಲ್ಯಾಂಪ್ ಓರೆಯಾಗಿ ಬೀಳಲಿ, ಭೂತಗನ್ನಡಿಯಲ್ಲಿ ಸ್ಕರ್ಟ್‌ನ ಬಾಯಿ ದುಂಡಗಿದೆಯೇ, ತಲೆಯ ಅಂಚಿನಲ್ಲಿ ಸೀಸದ ಚೂರು ಅಂಟಿದೆಯೇ ನೋಡಿ. ಚಿಮಟದಿಂದ ಎತ್ತುವುದಾದರೆ ನಡುವನ್ನೇ ಹಿಡಿಯಬೇಕು. ಪಿಸ್ತೂಲಿನವರು ಇಲ್ಲಿಗೇ ನಿಲ್ಲಿಸಬಹುದು. ಅವರ ಹತ್ತರ ವೃತ್ತ 11.5 ಮಿ.ಮೀ., ತೂಗಿ ಸಿಗುವ ಲಾಭ ಅದರಲ್ಲಿ ಕಾಣುವುದೇ ಇಲ್ಲ.

ತಕ್ಕಡಿ

ರೈಫಲ್‌ನವರಿಗಾದರೂ ಲಾಭ ಎಷ್ಟು? ಸೆಕೆಂಡಿಗೆ 170 ಮೀಟರ್ ವೇಗದ ಪೆಲೆಟ್ ಹತ್ತು ಮೀಟರ್ ದಾಟುವಷ್ಟರಲ್ಲಿ ಸುಮಾರು 18 ಮಿ.ಮೀ. ಇಳಿದಿರುತ್ತದೆ. ತೂಕ 5 ಮಿಲಿಗ್ರಾಂ, ಅಂದರೆ ಶೇ. 1ರಷ್ಟು ಹೆಚ್ಚಾದರೆ, ಗಾಳಿ ಕೊಡುವ ಶಕ್ತಿ ಅಷ್ಟೇ ಇರುವುದರಿಂದ, ವೇಗ ಅರ್ಧ ಶೇಕಡ ತಗ್ಗುತ್ತದೆ, ಇಳಿತ ಇನ್ನೊಂದು 0.18 ಮಿ.ಮೀ. ಹೆಚ್ಚುತ್ತದೆ. ಹತ್ತನ್ನೂ 10.0ರಿಂದ 10.9ರವರೆಗೆ ಒಡೆದು ಎಣಿಸುವ ದಶಮಾಂಶ ಅಂಕದಲ್ಲಿ 0.1 ಅಂದರೆ 0.25 ಮಿ.ಮೀ. ಹಾಗಾಗಿ ಒಂದೆರಡು ಮಿಲಿಗ್ರಾಂ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ತೂಗುವುದು ಗುಂಪಿನಿಂದ ಹೊರಗೆ ಬಿದ್ದ ಪೆಲೆಟ್ ಹಿಡಿಯಲು: ಒಳಗೆ ಪೊಳ್ಳಿರುವುದು, ಅಚ್ಚಿನಲ್ಲಿ ಸೀಸ ಹೆಚ್ಚಾದದ್ದು.

0.01 ಗ್ರಾಂ ತೋರಿಸುವ ತಕ್ಕಡಿ ಇದಕ್ಕೆ ಆಗದು, ಡಬ್ಬಿಯೊಳಗಿನ ವ್ಯತ್ಯಾಸವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. 0.001 ಗ್ರಾಂ ಬೇಕು, 20ರಿಂದ 50 ಗ್ರಾಂ ಸಾಮರ್ಥ್ಯ ಸಾಕು. ಬೆಂಗಳೂರಿನ ನಗರ್ತಪೇಟೆ, ಅವೆನ್ಯೂ ರಸ್ತೆಯ ಸುತ್ತಮುತ್ತ ಚಿನ್ನ, ಹರಳಿನ ಕೆಲಸದವರಿಗೆ ತಕ್ಕಡಿ ಮಾರುವ ಕಡೆ ಹರಳು ತೂಗುವ ತಕ್ಕಡಿ ಕೇಳಿ. ಅದು ಕ್ಯಾರೆಟ್ ತೋರಿಸಿದರೂ ಗುಂಡಿ ಒತ್ತಿದರೆ ಗ್ರಾಂಗೆ ಬರುತ್ತದೆ. ಜೇಬಿನಲ್ಲಿ ಒಂದು ಪೆಲೆಟ್ ಒಯ್ದು ಅಲ್ಲೇ ಹತ್ತು ಸಲ ಇಟ್ಟು ತೆಗೆದು ನೋಡಿ. 2 ಮಿಲಿಗ್ರಾಂಗಿಂತ ಹೆಚ್ಚು ಆಚೀಚೆಯಾದರೆ ಬೇಡ. ತಟ್ಟೆಗೆ ಗಾಳಿತಡೆಯ ಮುಚ್ಚಳ, ಜೊತೆಗೆ ಕ್ಯಾಲಿಬ್ರೇಷನ್ ತೂಕದ ಬಟ್ಟು ಇರಲೇಬೇಕು.

ಆ ಬಟ್ಟು ಏಕೆ ಎಂದರೆ, ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ಭೂಮಿಯ ಸೆಳೆತವನ್ನು. ಸಮಭಾಜಕಕ್ಕೆ ಹತ್ತಿರವಾಗಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು 9.78 ಮೀ/ಸೆ², ಉತ್ತರ ಜರ್ಮನಿಯಲ್ಲಿ 9.81. ಅಲ್ಲಿ ಹೊಂದಿಸಿದ ತಕ್ಕಡಿ ಇಲ್ಲಿ 0.530 ಗ್ರಾಂ ಪೆಲೆಟ್ ಅನ್ನು 0.528 ಎಂದೀತು. ಬಂದ ಕೂಡಲೇ ಇಲ್ಲಿಯೇ ಕ್ಯಾಲಿಬ್ರೇಟ್ ಮಾಡಿ, ಜಾಗ ಬದಲಿಸಿದಾಗಲೆಲ್ಲ ಮತ್ತೆ ಮಾಡಿ. ಬಟ್ಟನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡಿಗೂ ತೂಕವಿದೆ.

ಅಲುಗಾಡದ ಕಲ್ಲಿನ ಚಪ್ಪಡಿ ಅಥವಾ ಭಾರದ ಮೇಜು ನೋಡಿ ತಕ್ಕಡಿ ಇಡಿ. ಅಡುಗೆಮನೆ ಕಟ್ಟೆ ಬೇಡ, ಅಲ್ಲಿ ಸೀಸ ಹೋಗಬಾರದು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಅರ್ಧ ಗಂಟೆ ತಕ್ಕಡಿ ಆನ್ ಇರಲಿ. ಪೆಲೆಟ್ ತಟ್ಟೆಯ ನಡುವೆ ಕೂರಬೇಕು. ಅಗ್ಗದ ತಕ್ಕಡಿಗಳು ಸೊನ್ನೆಯ ಹತ್ತಿರದ ಸಣ್ಣ ಬದಲಾವಣೆಯನ್ನು ತಾವೇ ಸೊನ್ನೆ ಮಾಡಿಬಿಡುತ್ತವೆ. ಅನುಮಾನ ಬಂದರೆ ತಟ್ಟೆಯಲ್ಲಿ ಒಂದು ನಾಣ್ಯ ಇಟ್ಟು, ಟೇರ್ (ಅಂಕಿಯನ್ನು ಸೊನ್ನೆಗೆ ತರುವ ಗುಂಡಿ) ಒತ್ತದೆ, ಅದರ ಮೇಲೆ ಪೆಲೆಟ್ ಇಟ್ಟು ವ್ಯತ್ಯಾಸ ಓದಿ. ಒಂದು ಪೆಲೆಟ್‌ಗೆ ಶಾಯಿಯ ಗುರುತು ಹಾಕಿಟ್ಟುಕೊಳ್ಳಿ. ಪ್ರತಿ ಇಪ್ಪತ್ತಕ್ಕೊಮ್ಮೆ ಅದನ್ನು ತೂಗಿ, ಅಂಕಿ ಸರಿದಿದ್ದರೆ ಹಿಂದಿನ ಇಪ್ಪತ್ತನ್ನೂ ಮತ್ತೆ ತೂಗಬೇಕು.

ಮೊದಲು ಐವತ್ತು ತೂಗಿ ಅಂಕಿ ಬರೆಯಿರಿ. ಹೆಚ್ಚಿನವು 0.527ರಿಂದ 0.532ರೊಳಗೆ ಬಿದ್ದರೆ ಅದೇ ಪಂದ್ಯದ ಗುಂಪು, ಅದರಾಚೆಯವು ಅಭ್ಯಾಸಕ್ಕೆ. ಒಂದೊಂದು ಮಿಲಿಗ್ರಾಂಗೂ ಒಂದೊಂದು ಡಬ್ಬಿ ಮಾಡುವುದು ವ್ಯರ್ಥ, ತಕ್ಕಡಿಯ ತಪ್ಪೇ ಅಷ್ಟಿದೆ. ಪಂದ್ಯದ 60 ಮತ್ತು ಅದಕ್ಕೆ ಮುಂಚೆ ಗುರಿ ಹೊಂದಿಸಿಕೊಳ್ಳುವ ಸೈಟಿಂಗ್ ಹೊಡೆತಗಳಿಗೆಂದು ನೂರು ಪೆಲೆಟ್ ತೆಗೆದು, ಗುಳಿಗಳಿರುವ ಫೋಮ್ ಪೆಟ್ಟಿಗೆಯಲ್ಲಿ ತಲೆ ಕೆಳಗೆ ಮಾಡಿ ನಿಲ್ಲಿಸಿ. ಡಬ್ಬಿಯಲ್ಲಿ ಸಡಿಲವಾಗಿಟ್ಟು ಬೈಕಿನಲ್ಲಿ ರೇಂಜ್‌ಗೆ ಒಯ್ದರೆ ದಾರಿಯ ಹಂಪುಗಳಲ್ಲೇ ಸ್ಕರ್ಟ್ ನಗ್ಗುತ್ತದೆ.

ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಿಳಿ ಪುಡಿ ಕಟ್ಟಿದ ಪೆಲೆಟ್ ಹೊಡೆಯಬೇಡಿ, ಉಜ್ಜಲೂ ಬೇಡಿ. ಆ ಪುಡಿ ಸೀಸದ ವಿಷ. ತೂಗುವಾಗ ಕಾಫಿ, ತಿಂಡಿ ಹತ್ತಿರ ಇರಬಾರದು, ಪೆಲೆಟ್ ಬಾಯಲ್ಲಿ ಕಚ್ಚುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಹಾಸಿದ ಬಟ್ಟೆಯನ್ನು ಕೊಡವದೆ ಮಡಿಚಿ, ಬೇರೆಯಾಗಿ ಒಗೆಯಿರಿ. ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈಯನ್ನು ಸೋಪು ಹಾಕಿ ತಣ್ಣೀರಲ್ಲಿ ತೊಳೆಯಿರಿ. ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ.