ಕಾರವಾರದ ಬಂದರು: ಒಂದೇ ಗುಡ್ಡದ ಎರಡು ಮೈ

ಬೈತಖೋಲದ ದಕ್ಕೆಯಲ್ಲಿ ನಿಂತು ಸುತ್ತ ನೋಡಿದರೆ ಕಾರವಾರವನ್ನು ನೈಸರ್ಗಿಕ ಬಂದರು ಎನ್ನುವುದೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ದಕ್ಷಿಣಕ್ಕೆ ಕಾರವಾರ ಹೆಡ್ ಎಂಬ ಗುಡ್ಡ ಸಮುದ್ರದೊಳಕ್ಕೆ ಮೂಗು ಚಾಚಿದೆ. ನೈಋತ್ಯದಿಂದ ಬರುವ ದೊಡ್ಡ ಅಲೆ ಆ ಗುಡ್ಡಕ್ಕೆ ಬಡಿದು ಅಲ್ಲೇ ಮುಗಿಯುತ್ತದೆ. ಕೂರ್ಮಗಡ, ದೇವಗಡದಂಥ ನಡುಗಡ್ಡೆಗಳು ಹೊರಗೆ ಕಾವಲು ನಿಂತಿವೆ. ಉತ್ತರಕ್ಕೆ ಕಾಳಿಯ ಅಳಿವೆ, ಅದರಾಚೆ ಸದಾಶಿವಗಡ. ಜೋಯಿಡಾ ಕಡೆಯ ಡಿಗ್ಗಿಯಲ್ಲಿ ಹುಟ್ಟಿ ಸುಮಾರು 184 ಕಿ.ಮೀ. ಹರಿದು ಬರುವ ಈ ನದಿ ಸಿಹಿನೀರನ್ನೂ ಕೆಸರನ್ನೂ ಕೊಲ್ಲಿಗೆ ತಂದು ಸುರಿಯುತ್ತದೆ. ಇಲ್ಲಿನ ಜೀವಿಗಳ ಲೆಕ್ಕವೆಲ್ಲ ಎರಡೇ ಸಂಗತಿಗಳ ಮೇಲೆ ನಿಂತಿದೆ: ಅಲೆ ಎಷ್ಟು ಬಡಿಯುತ್ತದೆ, ಉಪ್ಪು ಎಷ್ಟು ಇಳಿಯುತ್ತದೆ. ಹಾಗಾಗಿ ನಾವು ಗುಡ್ಡದ ಒಳಮೈ, ಹೊರಮೈ ಎರಡನ್ನೂ ಒಂದೇ ಕ್ರಮದಲ್ಲಿ ಅಳೆಯುತ್ತೇವೆ.

ಮೊದಲು ಉಬ್ಬರ-ಇಳಿತದ ಪಟ್ಟಿ. ಅದು ಕಾರವಾರದ್ದೇ ಇರಬೇಕು. ಮುರ್ಮಗೋವಾದ್ದೋ ಮಂಗಳೂರಿನದೋ ನೋಡಿ ಹೊರಟರೆ ಹೊತ್ತು ತಪ್ಪುತ್ತದೆ. ಇಲ್ಲಿ ದಿನಕ್ಕೆ ಎರಡು ಇಳಿತ, ಎರಡೂ ಒಂದೇ ಮಟ್ಟದವಲ್ಲ. ದೊಡ್ಡ ಇಳಿತ ಅಮಾವಾಸ್ಯೆ, ಹುಣ್ಣಿಮೆಯ ದಿನವೇ ಬರುತ್ತದೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಅದು ಬರುವುದು ಒಂದೆರಡು ದಿನ ತಡವಾಗಿ. ಪಟ್ಟಿಯಲ್ಲಿ 0.4 ಮೀಟರಿಗಿಂತ ಕೆಳಗೆ ತೋರಿಸಿದ, ಹಗಲಿನಲ್ಲಿ ಬರುವ ಇಳಿತವನ್ನೇ ಆರಿಸಿ. ಒಂದೂವರೆ ತಾಸು ಮುಂಚೆ ಬಂಡೆಯ ಮೇಲಿರಬೇಕು. ಇಳಿಯುವ ನೀರಿನ ಬೆನ್ನು ಹಿಡಿದು ಕೆಳಗಿನ ಅಂಚಿಗೆ ಹೋಗಿ, ಅಲ್ಲಿನ ಕೆಲಸ ಮುಗಿಸಿ, ನೀರು ತಿರುಗಿದಂತೆ ಮೇಲೇರುತ್ತ ಬರಬೇಕು. ಮೇಲಿನಿಂದ ಶುರು ಮಾಡಿದವರಿಗೆ ಕೆಳಗಿನ ಪಟ್ಟೆ ಎಂದೂ ಸಿಗುವುದಿಲ್ಲ.

ಎತ್ತರ ಅಳೆಯಲು ದುಬಾರಿ ಉಪಕರಣ ಬೇಡ. ಗಾರೆಯವರು ಬಳಸುವ ಪಾರದರ್ಶಕ ಲೆವೆಲ್ ಪೈಪು ಸಾಕು, 15 ಮೀಟರ್ ಉದ್ದದ್ದು. ಒಂದು ತುದಿ ಮೇಲಿನ ಗುರುತಿನ ಹತ್ತಿರ, ಇನ್ನೊಂದು ಅಳತೆಕೋಲಿನ ಹತ್ತಿರ. ಪೈಪಿನಲ್ಲಿ ಗುಳ್ಳೆ ಉಳಿದಿದ್ದರೆ ಎರಡೂ ಕಡೆಯ ನೀರು ಒಂದೇ ಮಟ್ಟಕ್ಕೆ ಬರುವುದಿಲ್ಲ, ಅಳತೆ ಕೆಲವು ಸೆಂಟಿಮೀಟರ್ ತಪ್ಪುತ್ತದೆ. ಉಬ್ಬರ-ಇಳಿತದ ಅಂತರ ಎರಡು ಮೀಟರಿನ ಆಸುಪಾಸು ಇರುವ ಕಡಲಲ್ಲಿ 10 ಸೆಂ.ಮೀ. ಎಂದರೆ ಒಂದು ಜೀವಿಯ ಪಟ್ಟೆಯಿಂದ ಇನ್ನೊಂದಕ್ಕೆ ಜಾರಿದಂತೆ. ಅದಕ್ಕೇ ಪ್ರತಿ ಸಲವೂ ಮೊದಲು ಎರಡು ತುದಿಗಳನ್ನು ಅಕ್ಕಪಕ್ಕ ಹಿಡಿದು ನೋಡಿ. ನೀರು ಸಮ ನಿಲ್ಲದಿದ್ದರೆ ಪೈಪನ್ನು ಬೆರಳಿಂದ ತಟ್ಟುತ್ತ ಗುಳ್ಳೆ ಹೊರಡಿಸಿ.

ಎತ್ತರದ ಸೊನ್ನೆ ಎಲ್ಲಿಡುವುದು ಎಂಬಲ್ಲಿ ಹಲವರು ಎಡವುತ್ತಾರೆ. ಬಂಡೆಗೆ ಅಂಟಿ ಬೆಳೆಯುವ ಪುಟ್ಟ ಚಿಪ್ಪಿನ ಜೀವಿಗಳಾದ ಬಾರ್ನಕಲ್‌ಗಳ ಗೆರೆಯ ಮೇಲಂಚನ್ನೇ ಸೊನ್ನೆ ಮಾಡಿಕೊಂಡರೆ ಹೋಲಿಕೆಯೇ ಕೆಟ್ಟಿತು. ಹೊರಮೈಯಲ್ಲಿ ಅಲೆಯ ತುಂತುರು ಬಂಡೆಯನ್ನು ಎತ್ತರದವರೆಗೆ ಒದ್ದೆ ಇಡುವುದರಿಂದ ಆ ಗೆರೆ ತಾನೇ ಮೇಲಕ್ಕೇರಿರುತ್ತದೆ, ಅಳೆಯಬೇಕಾದ ವ್ಯತ್ಯಾಸವೇ ಅದು. ಒಳಮೈಯಲ್ಲಿ ಪಟ್ಟಿ ಹೇಳಿದ ಇಳಿತದ ಹೊತ್ತಿಗೆ ನೀರಂಚಿನ ಹತ್ತು ಏರಿಳಿತ ಬರೆದು ಸರಾಸರಿ ಹಾಕಿ. ಹೊರಮೈಯಲ್ಲಿ ಬಾಯಿ ಕಿರಿದಾದ ಕಲ್ಲಿನ ಸೀಳೊಂದನ್ನು ಹುಡುಕಿ, ಅದರೊಳಗಿನ ನೀರು ಹತ್ತು ನಿಮಿಷ ಏರಿಳಿಯುವುದನ್ನು ಅಳೆಯಿರಿ.

ಎಣಿಸಲು 50 ಸೆಂ.ಮೀ. ಚೌಕ. 20 ಮಿ.ಮೀ. ಪಿವಿಸಿ ಪೈಪು, ನಾಲ್ಕು ಎಲ್ಬೋ. ಪೈಪಿಗೆ ತೂತು ಕೊರೆಯದಿದ್ದರೆ ಹೊಂಡದ ನೀರಲ್ಲಿ ತೇಲುತ್ತದೆ. ಗಾಳದ ನೈಲಾನ್ ದಾರವನ್ನು ಉದ್ದಕ್ಕೆ ಏಳು, ಅಡ್ಡಕ್ಕೆ ಏಳು ಕಟ್ಟಿ. 49 ಸಂಧಿ, ಜೊತೆಗೆ ಒಂದು ಮೂಲೆ. ಒಟ್ಟು 50 ಬಿಂದು, ಬಿಂದುವಿಗೆ ನೂರಕ್ಕೆ ಎರಡು. ಪ್ರತಿ ಬಿಂದುವಿನ ಕೆಳಗೆ ಏನಿದೆಯೋ ಅದನ್ನೇ ಬರೆಯಿರಿ, ಬರೀ ಕಲ್ಲಾದರೆ ‘ಕಲ್ಲು’. ಚೌಕವನ್ನು ಎಸೆಯುವುದು ಬೇಡ. ಕೈ ಯಾವಾಗಲೂ ಕಾಲೂರಲು ಸುಲಭವಾದ ಕಡೆಗೇ ಎಸೆಯುತ್ತದೆ. ಹಿಂದಿನ ರಾತ್ರಿಯೇ ಚೀಟಿ ಎತ್ತಿ, ಬಂಡೆಯ ಮೇಲೆ ಹಾಸುವ ಅಳತೆಯ ಟೇಪಿನ ಮೇಲಿನ ಸಂಖ್ಯೆ ಬರೆದುಕೊಂಡು, ಪ್ರತಿ ಮಟ್ಟಕ್ಕೆ ಎಂಟು ಚೌಕ ಇಡುತ್ತೇವೆ. ಮಗುಚಿದ ಕಲ್ಲನ್ನು ಹಾಗೇ ಬಿಟ್ಟು ಬಂದರೆ ಅದರಡಿಯ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಮೊದಲಿದ್ದ ಹಾಗೇ ಇಡಿ.

ಮೇಲಿನಿಂದ ನೋಡಿದರೆ ಮೊದಲು ಕಲ್ಲಿನ ಬಿರುಕಲ್ಲಿ ಸಾಸಿವೆಯಿಂದ ಬಟಾಣಿ ಗಾತ್ರದ ಬಸವನಹುಳುಗಳು, ಕೆಳಗೆ ಬಾರ್ನಕಲ್, ಬಳಿಕ ಕಲ್ಲಿಗೆ ಗಾರೆ ಮೆತ್ತಿದಂತೆ ಕೂತ ಕಲ್ವ (ಆಯ್ಸ್ಟರ್). ಅಲೆ ಬಡಿಯುವ ಕಡೆ ಪಚ್ಚಿಲೆಯದೇ (ಹಸಿರು ಚಿಪ್ಪಿನ ಮಸಲ್) ರಾಜ್ಯ. ನೀರಿನಲ್ಲಿ ತೇಲಿ ಬರುವುದನ್ನೇ ಸೋಸಿ ತಿನ್ನುವ ಪ್ರಾಣಿ ಅದು, ಹರಿಯುವ ನೀರು ಬೇಕು. ಬಂಡೆಗೆ ನೂಲಿನಂಥ ಎಳೆಗಳಿಂದ ಬಿಗಿದುಕೊಂಡಿರುತ್ತದೆ. ಒಂದನ್ನು ಕಿತ್ತರೆ ಪಕ್ಕದ ನಾಲ್ಕು ಸಡಿಲವಾಗುತ್ತವೆ, ಮುಂದಿನ ಅಲೆಗೆ ಅವೂ ಹೋಗುತ್ತವೆ. ಗಾತ್ರ ಅಳೆಯಬೇಕಿದ್ದರೆ ಕೀಳದೆ, ಕ್ಯಾಲಿಪರನ್ನು ಇದ್ದಲ್ಲೇ ಇಟ್ಟು ಅಳೆಯಿರಿ. ಒಳಮೈಯ ನಿಂತ ನೀರಲ್ಲಿ ಕೆಸರು ಕೂರುತ್ತದೆ, ಅಲ್ಲಿ ಚೌಕದೊಳಗೆ ‘ಕೆಸರು’ ಎಂಬ ಕಲಂ ಬೇರೆಯೇ ಬೇಕು.

ಮಳೆಗಾಲ ಕಳೆದ ಮೇಲೆ ಅಕ್ಟೋಬರಿನ ಬಂಡೆಗೂ ಏಪ್ರಿಲಿನ ಬಂಡೆಗೂ ಹೋಲಿಕೆ ಸಲ್ಲ. ಮಳೆಗಾಲದ ಸಿಹಿನೀರಿಗೆ ಜೀವಿಗಳು ಸತ್ತ ಕಡೆ ಮೊದಲು ತೆಳು ಹಸಿರು ಪಾಚಿ ಹಬ್ಬುತ್ತದೆ, ಉಳಿದವು ನಿಧಾನಕ್ಕೆ ಬರುತ್ತವೆ. ವರ್ಷದಿಂದ ವರ್ಷಕ್ಕೆ ಅದೇ ತಿಂಗಳನ್ನೇ ಹೋಲಿಸಿ.

ಉಪ್ಪಿನ ಅಳತೆಗೆ ಕೈ ರಿಫ್ರಾಕ್ಟೋಮೀಟರ್, ನೀರಿನಲ್ಲಿ ಬೆಳಕು ಬಾಗುವುದರಿಂದ ಉಪ್ಪು ಹೇಳುವ ಉಪಕರಣ. ಬಟ್ಟಿ ಇಳಿಸಿದ ನೀರಿಗೆ ಸೊನ್ನೆ ತೋರಿಸಬೇಕು, ಬಯಲು ಕಡಲಲ್ಲಿ ಸಾವಿರಕ್ಕೆ 35ರ ಸುತ್ತ ಬರುತ್ತದೆ. ಅಳಿವೆಯಲ್ಲಿ ಮೇಲ್ನೀರು ಮಾತ್ರ ತೆಗೆದರೆ ಮೋಸ ಹೋಗುತ್ತೀರಿ: ಸಿಹಿನೀರು ಹಗುರ, ಮೇಲೆ ಹರಿಯುತ್ತದೆ, ಉಪ್ಪುನೀರು ತಳದಲ್ಲಿ ನುಸುಳಿ ಒಳಗೆ ಬರುತ್ತದೆ. ಕಲ್ಲು ಕಟ್ಟಿದ ಬಾಟಲಿಯ ಬಿರಡೆಗೆ ಬೇರೆ ಹಗ್ಗ ಕಟ್ಟಿ ತಳಕ್ಕಿಳಿಸಿ, ಎಳೆದು ತೆರೆದರೆ ತಳದ ನೀರು ಸಿಗುತ್ತದೆ. ಮೇಲೆ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಬೇಸಿಗೆಯಲ್ಲೂ ಲೆಕ್ಕ ಏರುಪೇರಾಗಬಹುದು. ಅದನ್ನೂ ಟಿಪ್ಪಣಿಯಲ್ಲಿ ಬರೆಯಿರಿ.

ಕಾಳಿಯ ಬಾಯಿಂದ ದೇವಬಾಗ, ಕೂರ್ಮಗಡದ ಕಡೆಯ ತಗ್ಗು ನೀರು ಗೂನು ಡಾಲ್ಫಿನ್‌ಗಳದು. ಮೇಲೆ ಬರುವಾಗ ಮೊದಲು ಮೂತಿ, ಆಮೇಲೆ ಬೆನ್ನಿನ ಗೂನು, ಗೂನಿನ ಮೇಲೆ ಚಿಕ್ಕ ರೆಕ್ಕೆ. ರೆಕ್ಕೆಯೇ ಇಲ್ಲದ ನುಣುಪು ಬೆನ್ನು ಒಂದು ಕ್ಷಣ ಕಂಡು ಮಾಯವಾದರೆ ಅದು ಡಾಲ್ಫಿನ್‌ನ ನೆಂಟ ಫಿನ್‌ಲೆಸ್ ಪಾರ್ಪಾಯ್ಸ್. ಬೆಳಗಿನ ಗಾಳಿಯಿಲ್ಲದ ಹೊತ್ತಿಗೆ ಹೊರಡಿ. ಬಿಳಿ ನೊರೆ ಏಳತೊಡಗಿದ ಮೇಲೆ ಎಣಿಸಿದ ಲೆಕ್ಕ ಲೆಕ್ಕವಲ್ಲ. ದೋಣಿ ಎದುರಿಗೂ ಹೋಗಬಾರದು, ಹಿಂದೆ ಅಟ್ಟಲೂಬಾರದು. ಅವು ಹೋಗುವ ದಿಕ್ಕಿಗೇ ಪಕ್ಕದಲ್ಲಿ 100 ಮೀಟರ್ ದೂರ ಇಟ್ಟು ನಿಧಾನ ಸಾಗಿ, ಇಂಜಿನ್ ನ್ಯೂಟ್ರಲ್ ಮಾಡಿ. ಗುರುತಿಗೆ ರೆಕ್ಕೆಯ ಹಿಂಬದಿಯ ಕಚ್ಚುಗಳ ಫೋಟೊ ಬೇಕು, ಪಕ್ಕದಿಂದಲೇ, ಶಟರ್ 1/1000 ಸೆಕೆಂಡಿಗಿಂತ ವೇಗದಲ್ಲಿ. ಅರ್ಗಾ, ಅಂಜದೀವ್ ಕಡೆ ನೌಕಾಪಡೆಯ ಗಡಿ ಇದೆ. ಆ ದಿಕ್ಕಿಗೆ ದೋಣಿಯೂ ಬೇಡ, ಡ್ರೋನೂ ಬೇಡ.

ಗುಂಪಿನ ಸಂಖ್ಯೆಗೆ ಮೂರು ಅಂಕಿ ಬರೆಯುತ್ತೇವೆ: ಖಂಡಿತ ಕಂಡದ್ದು, ಇರಬಹುದು ಎನಿಸಿದ್ದು, ಹೆಚ್ಚೆಂದರೆ ಇಷ್ಟು. ದೋಣಿಯಲ್ಲಿರುವವರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬರೆದು, ದಕ್ಕೆಗೆ ಬಂದ ಮೇಲೆ ಕೂಡಿಸಿ ನೋಡಬೇಕು.